ಮನೆಯ ಹಿಂದಿನ ಕೋಟೆ: ನರಗುಂದ, ಗಜೇಂದ್ರಗಡ ಮತ್ತು ಕೊಟ್ಟ ಮಾತು

ಪರೀಕ್ಷೆಗಳು ಮುಗಿದು ಸೂಟಿ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಒಬ್ಬರು ಮೈಸೂರಿನ ಅರಮನೆ ಅನ್ನುತ್ತಾರೆ, ಇನ್ನೊಬ್ಬರು ಹಂಪಿ ಅನ್ನುತ್ತಾರೆ, ಹೆಚ್ಚಿನವರು ವಿಜಯಪುರದ ಗೋಳಗುಮ್ಮಟ ಅನ್ನುತ್ತಾರೆ. ಟೆಂಪೊ ಬಾಡಿಗೆಗೆ ಹಿಡಿದು, ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಕುಟುಂಬಗಳು ಹೊರಡುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಭೂಮಿಯ ಮೇಲೆ ಸಂಚರಿಸಬೇಕು, ನಮಗಿಂತ ಹಿಂದೆ ಬದುಕಿದವರ ಗತಿ ಏನಾಯಿತೆಂದು ಕಣ್ಣಾರೆ ನೋಡಬೇಕು ಎಂಬ ಮಾತನ್ನು ಪವಿತ್ರ ಕುರ್‌ಆನ್ ಒಂದಲ್ಲ, ಹಲವು ಕಡೆ ಹೇಳಿದೆ. ಸೂರಃ ಅಲ್‌ಅನ್‌ಆಮ್‌ನಲ್ಲಿ ಇದೆ, ಅಲ್‌ಅನ್‌ಕಬೂತ್‌ನಲ್ಲಿ ಇದೆ, ಅರ‍್ರೂಮ್‌ನಲ್ಲಿ ಇದೆ. ಮೋಜಿಗಾಗಿ ಸುತ್ತುವುದು ಬೇರೆ. ಪಾಠಕ್ಕಾಗಿ ಸುತ್ತುವುದು ಒಂದು ರೀತಿಯ ಇಬಾದತ್.

ಆದರೆ ಒಂದು ಸಂಗತಿ ಗಮನಿಸಿ. ಹುಬ್ಬಳ್ಳಿಯಿಂದ ಗೋಳಗುಮ್ಮಟ ನೋಡಲು ಹೊರಟ ಪ್ರತಿ ಬಸ್ಸೂ ನರಗುಂದದ ಗುಡ್ಡದ ಬುಡದಲ್ಲೇ ಹಾದು ಹೋಗುತ್ತದೆ. ಆ ಗುಡ್ಡದ ಮೇಲೆ ಒಂದು ಕೋಟೆ ಇದೆ. ಅದರ ಪೂರ್ವಕ್ಕೆ, ರೋಣದಾಚೆ, ಗಜೇಂದ್ರಗಡದಲ್ಲಿ ಇನ್ನೊಂದು ಕೋಟೆ ಇದೆ. ಮುಹಮ್ಮದ್ ಆದಿಲ್ ಶಾಹನ ಗುಮ್ಮಟದ ಕೆಳಗೆ ನಿಂತು ಪಿಸುಮಾತಿನ ಮಾರ್ದನಿ ಕೇಳಿ ಬಂದ ನಮ್ಮ ಮಕ್ಕಳಿಗೆ, ಮನೆಯ ಹಿಂದಿನ ಈ ಎರಡು ಗುಡ್ಡಗಳ ಕಥೆ ಗೊತ್ತಿಲ್ಲ. ಗೊತ್ತಿರುವ ಅಷ್ಟಿಷ್ಟೂ ಮೊಬೈಲಿನಲ್ಲಿ ಹರಿದಾಡುವ ಅರ್ಧ ಮಾತು. ಆ ಅರ್ಧ ಮಾತು ಮನಸ್ಸುಗಳನ್ನು ಕೆಡಿಸುತ್ತಿದೆ. ಆದ್ದರಿಂದ ಈ ತಿಂಗಳು ಓದುಗರೊಂದಿಗೆ ಈ ಕೋಟೆಗಳನ್ನು ಸುತ್ತಿ ಬರೋಣ ಎಂದುಕೊಂಡಿದ್ದೇವೆ.

ಸೂಡಿಯಿಂದ ಶುರು ಮಾಡೋಣ

ನಮ್ಮ ಸೀಮೆಯ ರಾಜವೈಭವ ಕೋಟೆಗಳಿಂದ ಶುರುವಾದದ್ದಲ್ಲ. ರೋಣಕ್ಕೆ ದ್ರೋಣಪುರ ಎಂಬ ಹಳೆಯ ಹೆಸರಿದೆ, ಊರೊಳಗೆ ಸಾವಿರ ವರ್ಷದ ಆಸುಪಾಸಿನ ಗುಡಿಗಳಿವೆ. ಅಲ್ಲಿಂದ ಗಜೇಂದ್ರಗಡದ ಕಡೆ ಸಾಗಿದರೆ ಸೂಡಿ ಸಿಗುತ್ತದೆ. ಇವತ್ತು ಅದೊಂದು ಹಳ್ಳಿ. 11ನೇ ಶತಮಾನದಲ್ಲಿ ಅದು ಕಲ್ಯಾಣದ ಚಾಲುಕ್ಯರ ಆಡಳಿತದ ಪಟ್ಟಣವಾಗಿತ್ತು, ಅಲ್ಲಿ ನಾಣ್ಯದ ಟಂಕಸಾಲೆ ಇತ್ತು. ಚಾಲುಕ್ಯ ದೊರೆ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದವಳು. ಆಡಳಿತವನ್ನೂ ನಡೆಸಿದಳು, ದಂಡನ್ನೂ ನಡೆಸಿದಳು ಎಂದು ಶಾಸನಗಳು ಹೇಳುತ್ತವೆ. ಸೂಡಿಯ ಜೋಡುಕಳಸದ ಗುಡಿ, ಕಲ್ಲಿನ ಮೆಟ್ಟಿಲುಗಳ ನಾಗಕುಂಡ ಆ ಕಾಲದ ಗುರುತುಗಳು.

ನಮ್ಮ ಹೆಣ್ಣುಮಕ್ಕಳಿಗೆ ಈ ಊರನ್ನು ತೋರಿಸಬೇಕು. ಸಾವಿರ ವರ್ಷದ ಹಿಂದೆ ಈ ಎರೆಮಣ್ಣಿನ ಸೀಮೆಯ ಲೆಕ್ಕಪತ್ರವನ್ನು ಒಬ್ಬ ಹೆಂಗಸು ನೋಡಿಕೊಂಡಿದ್ದಳು ಎಂದು ತಿಳಿದರೆ, ಹತ್ತನೇ ಇಯತ್ತೆಗೇ ಓದು ಬಿಡಿಸುವ ತಂದೆಯೂ ಒಂದು ಗಳಿಗೆ ಯೋಚಿಸಬಹುದು. ಗುಡಿ ನಮ್ಮದಲ್ಲದಿರಬಹುದು, ಊರು ನಮ್ಮದು. ಬೇರೆಯವರು ಪೂಜಿಸುವುದನ್ನು ಹೀಯಾಳಿಸಬಾರದೆಂದು ಸೂರಃ ಅಲ್‌ಅನ್‌ಆಮ್ ನಮಗೆ ಕಟ್ಟುನಿಟ್ಟಾಗಿ ಹೇಳಿದೆ. ಚಪ್ಪಲಿ ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು, ದನಿ ತಗ್ಗಿಸಿ, ಕಲ್ಲಿನ ಕೆಲಸವನ್ನು ಕಣ್ತುಂಬ ನೋಡಿ ಬರುವುದರಲ್ಲಿ ನಮ್ಮ ಈಮಾನಿಗೆ ಯಾವ ಕೊರತೆಯೂ ಆಗುವುದಿಲ್ಲ.

ಆನೆಯ ಬೆನ್ನಿನಂಥ ಗುಡ್ಡ

ಗಜೇಂದ್ರಗಡದ ಗುಡ್ಡ ದೂರದಿಂದ ಆನೆ ಕುಳಿತಂತೆ ಕಾಣುತ್ತದೆ, ಅದಕ್ಕೇ ಆ ಹೆಸರು. ಕೆಳಗೆ ಊರು, ಮಗ್ಗಗಳ ಸದ್ದು. ಪಟ್ಟೇದಂಚು ಸೀರೆ ಈ ಊರಿನದು. ಸುತ್ತಲಿನ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತವೆ. ಮೇಲೆ ಹತ್ತಿದರೆ ಕೋಟೆಯ ಗೋಡೆ, ಬಾಗಿಲು, ಮಳೆ ನೀರು ಹಿಡಿದಿಡುವ ಹೊಂಡಗಳು. ಮರಾಠರ ಕಾಲದಲ್ಲಿ ಇದು ಘೋರ್ಪಡೆ ಮನೆತನದ ಕೈಯಲ್ಲಿತ್ತು.

ಈ ಊರಿನ ಹೆಸರು ಭಾರತದ ಇತಿಹಾಸದ ಪುಸ್ತಕಗಳಲ್ಲಿ ಉಳಿದಿರುವುದು ಒಂದು ಕಾಗದದಿಂದ. 1787ರಲ್ಲಿ ಮೈಸೂರಿನ ಟಿಪ್ಪು ಸುಲ್ತಾನರಿಗೂ ಪುಣೆಯ ಪೇಶ್ವೆಯ ಸರ್ಕಾರಕ್ಕೂ ಆದ ಒಪ್ಪಂದವೇ ಗಜೇಂದ್ರಗಡದ ಒಪ್ಪಂದ. ಆ ಕಾಗದ ಹುಟ್ಟಿದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಎರಡು ವರ್ಷ ಹಿಂದಕ್ಕೆ, ನರಗುಂದದ ಗುಡ್ಡಕ್ಕೆ ಹೋಗಬೇಕು.

1785ರ ನರಗುಂದ

ನರಗುಂದದ ಕೋಟೆ ಶಿವಾಜಿ ಮಹಾರಾಜರ ಕಾಲದ್ದು, 1674ರ ಸುಮಾರಿಗೆ ಕಟ್ಟಿದ್ದೆಂದು ಹೇಳುತ್ತಾರೆ. ಮುಂದೆ ಅದು ಭಾವೆ ಮನೆತನದವರ ಕೈಗೆ ಬಂತು. 1778ರಲ್ಲಿ ಹೈದರ್ ಅಲಿಯ ದಂಡು ಕೃಷ್ಣಾ ನದಿಯವರೆಗಿನ ಸೀಮೆಯನ್ನು ಹಿಡಿದಾಗ ನರಗುಂದದ ದೊರೆ ಕಪ್ಪ ಕೊಡಲು ಒಪ್ಪಿ ತನ್ನ ಗದ್ದುಗೆ ಉಳಿಸಿಕೊಂಡ. 1782ರ ಕೊನೆಗೆ ಹೈದರ್ ತೀರಿಕೊಂಡರು. ಅವರ ಮಗ ಟಿಪ್ಪು ಸುಲ್ತಾನ್ ಪಟ್ಟಕ್ಕೆ ಬಂದ ಮೇಲೆ ಕಪ್ಪದ ಮೊತ್ತ ಏರಿತು. ನರಗುಂದದ ವೆಂಕಟರಾವ್ ಭಾವೆ ಅಷ್ಟು ಕೊಡಲಾಗದೆಂದು ಪುಣೆಯ ಮೊರೆ ಹೊಕ್ಕ. ಅವನ ಕಾರಭಾರಿ ಕಾಳೋಪಂತ ಪೇಠೆ ಪುಣೆಯ ನಾನಾ ಫಡ್ನವೀಸರ ಜೊತೆ ಪತ್ರ ವ್ಯವಹಾರ ನಡೆಸಿದ. ನರಗುಂದ ಯಾರ ಅಧೀನ ಎಂಬುದೇ ಜಗಳದ ತಿರುಳು. ಮೈಸೂರಿಗೆ ಅದು ತನಗೆ ಕಪ್ಪ ಕೊಡಬೇಕಾದ ಸಂಸ್ಥಾನ, ಪುಣೆಗೆ ಅದು ತನ್ನ ಹಳೆಯ ಆಶ್ರಿತ.

1785ರಲ್ಲಿ ಟಿಪ್ಪುವಿನ ಭಾವಮೈದುನ ಬುರ್ಹಾನುದ್ದೀನ್ ದಂಡು ತಂದು ಈ ಗುಡ್ಡವನ್ನು ಸುತ್ತುವರಿದರು. ಪುಣೆಯಿಂದ ಬಂದ ಸಹಾಯ ಸಾಲಲಿಲ್ಲ. ತಿಂಗಳುಗಟ್ಟಲೆ ಮುತ್ತಿಗೆಯ ನಂತರ ಕೋಟೆ ಶರಣಾಯಿತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಮರಾಠರ ಇತಿಹಾಸ ಬರೆದ ಇಂಗ್ಲಿಷ್ ಅಧಿಕಾರಿ ಗ್ರಾಂಟ್ ಡಫ್ ಹೇಳುವ ಪ್ರಕಾರ, ಕೋಟೆಯೊಳಗಿನವರು ಜೀವ ಮಾನಗಳಿಗೆ ಅಭಯ ಸಿಕ್ಕ ಮೇಲೆಯೇ ಬಾಗಿಲು ತೆರೆದರು. ಕೆಳಗಿಳಿದ ಮೇಲೆ ಆ ಅಭಯ ಉಳಿಯಲಿಲ್ಲ. ವೆಂಕಟರಾವ್ ಮತ್ತು ಕಾಳೋಪಂತರನ್ನು ಸೆರೆ ಹಿಡಿದು ದೂರದ ಕಬ್ಬಾಳದುರ್ಗಕ್ಕೆ ಕಳಿಸಲಾಯಿತು.

ಗ್ರಾಂಟ್ ಡಫ್ ಟಿಪ್ಪುವಿನ ಶತ್ರುಗಳ ಕಡೆಯವನು, ಅವನ ಮಾತನ್ನು ಜರಡಿ ಹಿಡಿದೇ ತೆಗೆದುಕೊಳ್ಳಬೇಕು ಎಂದು ಯಾರಾದರೂ ಹೇಳಿದರೆ ಅದು ನ್ಯಾಯವಾದ ಮಾತೇ. ಆದರೆ ನರಗುಂದದವರು ಸೆರೆಯಾದದ್ದು ಖರೆ. ಅವರ ಬಿಡುಗಡೆ ಮುಂದೆ ಗಜೇಂದ್ರಗಡದ ಒಪ್ಪಂದದ ಒಂದು ಕಲಮೇ ಆಯಿತು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಅಭಯ ಕೊಟ್ಟು, ಬಾಗಿಲು ತೆರೆಸಿ, ಆಮೇಲೆ ಕೈಕೋಳ ಹಾಕುವುದನ್ನು ನಮ್ಮ ದೀನ್ ಒಪ್ಪುತ್ತದೆಯೇ? ಉತ್ತರವೂ ಒಂದೇ: ಒಪ್ಪುವುದಿಲ್ಲ. ಮಾಡಿದವರು ಯಾರೇ ಇರಲಿ, ಅವರ ಹೆಸರು ಏನೇ ಇರಲಿ.

ಹಜರತ್ ಹುಝೈಫಾ(ರ) ಅವರ ಪ್ರಸಂಗವನ್ನು ನೆನೆಯಿರಿ. ಸಹೀಹ್ ಮುಸ್ಲಿಂನಲ್ಲಿ ಬಂದಿದೆ. ಬದ್ರ್ ಯುದ್ಧದ ಮುನ್ನ ಅವರನ್ನೂ ಅವರ ತಂದೆಯನ್ನೂ ಕುರೈಶರು ದಾರಿಯಲ್ಲಿ ಹಿಡಿದರು. ಮದೀನಾಕ್ಕೆ ಹೋಗುತ್ತೇವೆ, ಆದರೆ ಯುದ್ಧದಲ್ಲಿ ನಿಮ್ಮ ವಿರುದ್ಧ ನಿಲ್ಲುವುದಿಲ್ಲ ಎಂದು ಮಾತು ತೆಗೆದುಕೊಂಡು ಬಿಟ್ಟರು. ಬದ್ರ್‌ನಲ್ಲಿ ಮುಸ್ಲಿಮರು ಮುನ್ನೂರರ ಆಸುಪಾಸು, ಎದುರು ಸಾವಿರದಷ್ಟು. ಒಬ್ಬೊಬ್ಬ ಮನುಷ್ಯನೂ ಬೇಕಾಗಿದ್ದ ಹೊತ್ತು. ಮಾತು ಕೊಟ್ಟದ್ದು ಶತ್ರುವಿಗೆ, ಅದೂ ಹೆದರಿಕೆಯಲ್ಲಿ. ಆದರೂ ಪ್ರವಾದಿವರ್ಯರು(ಸ) ಅವರಿಬ್ಬರನ್ನು ಹಿಂದಕ್ಕೆ ಕಳಿಸಿದರು. ಕೊಟ್ಟ ಮಾತನ್ನು ನಾವು ನಡೆಸುತ್ತೇವೆ, ಸಹಾಯವನ್ನು ಅಲ್ಲಾಹನಲ್ಲಿ ಬೇಡುತ್ತೇವೆ ಎಂಬುದೇ ಅವರ ನಿಲುವಾಗಿತ್ತು. ಇದು ಅಳತೆಗೋಲು. ನರಗುಂದದ ಗುಡ್ಡವನ್ನು ಅಳೆಯಬೇಕಾದದ್ದು ಈ ಗೋಲಿನಿಂದ, ನಮ್ಮವರು ಪರರು ಎಂಬ ಲೆಕ್ಕದಿಂದಲ್ಲ.

ಯಾರ ಕಡೆ ಯಾರಿದ್ದರು?

ನರಗುಂದ ಬಿದ್ದದ್ದೇ ನೆಪವಾಗಿ ದೊಡ್ಡ ಯುದ್ಧ ಹೊತ್ತಿತು. 1786ರಲ್ಲಿ ಹರಿಪಂತ ಫಡ್ಕೆಯ ನಾಯಕತ್ವದ ಮರಾಠಾ ಸೈನ್ಯ ನಮ್ಮ ಸೀಮೆಗೆ ಇಳಿಯಿತು. ಬಾದಾಮಿಗೆ ಮುತ್ತಿಗೆ ಬಿತ್ತು, ಗಜೇಂದ್ರಗಡ ಕೈಬದಲಾಯಿತು. ಈ ಯುದ್ಧವನ್ನು ಇವತ್ತು ಕೆಲವರು ಹಿಂದೂ ಮುಸ್ಲಿಂ ಯುದ್ಧವೆಂದು ಹೇಳಿ ಹುಡುಗರ ತಲೆ ಕೆಡಿಸುತ್ತಾರೆ. ಎರಡೂ ಕಡೆ ಇಂಥವರಿದ್ದಾರೆ. ಅಂಥವರಿಗೆ ಸುಮ್ಮನೆ ಕೇಳಿ: ಯಾರ ಕಡೆ ಯಾರಿದ್ದರು?

ಮರಾಠರ ಜೊತೆಗೂಡಿ ಟಿಪ್ಪುವಿನ ಮೇಲೆ ಬಂದದ್ದು ಹೈದರಾಬಾದಿನ ನಿಜಾಮರ ಸೈನ್ಯ. ನಿಜಾಮರು ಮುಸ್ಲಿಮರು. ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನ್ ಮುಸ್ಲಿಮರಷ್ಟೇ ಅಲ್ಲ, ಮೈಸೂರಿನ ಬೀಗರು. ಹೈದರ್ ಅಲಿಯ ಮನೆತನಕ್ಕೂ ಸವಣೂರಿನ ಮನೆತನಕ್ಕೂ ಹೆಣ್ಣು ಕೊಟ್ಟು ತಂದ ನಂಟು ಇತ್ತು. ಆ ನವಾಬರೂ ಈ ಯುದ್ಧದಲ್ಲಿ ಮರಾಠರ ಕಡೆ ಸೇರಿದರು, ಟಿಪ್ಪುವಿನ ದಂಡು ಬಂದಾಗ ಊರು ಬಿಟ್ಟು ಹೋದರು. ಟಿಪ್ಪುವಿನ ಆಡಳಿತದ ದೊಡ್ಡ ಆಧಾರವಾಗಿದ್ದವರು ಯಾರು? ದಿವಾನ್ ಪೂರ್ಣಯ್ಯ. ಮುಂದೆ 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನೇ ಲೂಟಿ ಮಾಡಿದರು, ಆ ಮಠಕ್ಕೆ ಹಣ ಕಾಸು ಕಳಿಸಿ ಕನ್ನಡದಲ್ಲಿ ಪತ್ರ ಬರೆಸಿದವರು ಟಿಪ್ಪು ಸುಲ್ತಾನ್. ಆ ಪತ್ರಗಳು ಇಂದಿಗೂ ಉಳಿದಿವೆ.

ಅಂದರೆ ಆ ಯುದ್ಧ ನೆಲಕ್ಕಾಗಿ, ಕಪ್ಪಕ್ಕಾಗಿ, ಪ್ರತಿಷ್ಠೆಗಾಗಿ ನಡೆದ ರಾಜರ ಯುದ್ಧ. ರಾಜರು ಊರನ್ನು ಹೊಕ್ಕರೆ ಅದನ್ನು ಹಾಳುಮಾಡುತ್ತಾರೆ, ಅಲ್ಲಿನ ಮರ್ಯಾದಸ್ಥರನ್ನು ಹೀನರನ್ನಾಗಿಸುತ್ತಾರೆ ಎಂದು ಸಬಾದ ರಾಣಿ ತನ್ನ ದರ್ಬಾರಿನಲ್ಲಿ ಆಡಿದ ಮಾತನ್ನು ಸೂರಃ ಅನ್ನಮ್ಲ್ ನಮಗೆ ತಿಳಿಸುತ್ತದೆ. ದಂಡು ಹಾದ ಹೊಲದಲ್ಲಿ ಜೋಳ ಉಳಿಯುವುದಿಲ್ಲ. ಕುದುರೆಗೆ ಮೇವು ಯಾವ ಜಾತಿಯವನ ಬಣವೆಯಿಂದ ಬಂತೆಂದು ಸವಾರ ಕೇಳುವುದಿಲ್ಲ.

ನ್ಯಾಯದ ವಿಷಯದಲ್ಲಿ ಕುರ್‌ಆನ್ ಎರಡು ಬಾಗಿಲನ್ನೂ ಮುಚ್ಚಿದೆ. ಒಂದು ಜನಾಂಗದ ಮೇಲಿನ ಸಿಟ್ಟು ನಿಮ್ಮನ್ನು ಅನ್ಯಾಯಕ್ಕೆ ಎಳೆಯಬಾರದು ಎಂದು ಸೂರಃ ಅಲ್‌ಮಾಇದಃ ಹೇಳುತ್ತದೆ. ಸಾಕ್ಷಿ ನಿಮ್ಮ ವಿರುದ್ಧವೇ, ನಿಮ್ಮ ತಂದೆತಾಯಿ ಬಂಧುಗಳ ವಿರುದ್ಧವೇ ಇದ್ದರೂ ಸತ್ಯವನ್ನೇ ನುಡಿಯಬೇಕು ಎಂದು ಸೂರಃ ಅನ್ನಿಸಾ ಹೇಳುತ್ತದೆ. ಟಿಪ್ಪು ಮುಸ್ಲಿಂ ಆದ್ದರಿಂದ ಮಾಡಿದ್ದೆಲ್ಲ ತಪ್ಪು ಎನ್ನುವವನು ಮೊದಲ ಆಜ್ಞೆಗೆ ವಿರುದ್ಧ. ಟಿಪ್ಪು ನಮ್ಮವನು, ಆದ್ದರಿಂದ ಮಾಡಿದ್ದೆಲ್ಲ ಸರಿ ಎನ್ನುವವನು ಎರಡನೆಯ ಆಜ್ಞೆಗೆ ವಿರುದ್ಧ. ಇಂಗ್ಲಿಷರೆದುರು ಕತ್ತಿ ಹಿಡಿದು ಸತ್ತ ದೊರೆ ಎಂಬ ಗೌರವವನ್ನು ಉಳಿಸಿಕೊಂಡೇ, ನರಗುಂದದವರಿಗೆ ಆದದ್ದು ಅನ್ಯಾಯ ಎಂದು ಹೇಳಲು ನಮಗೆ ಸಾಧ್ಯವಾಗಬೇಕು. ಹಾಗೆ ಹೇಳುವುದರಿಂದ ನಮ್ಮ ಗೌರವ ಕಡಿಮೆಯಾಗುವುದಿಲ್ಲ. ನಮ್ಮ ಮಾತಿಗೆ ತೂಕ ಬರುತ್ತದೆ.

ಒಂದು ಕಾಗದ, ಒಂದು ಬಿರುದು

1787ರ ವಸಂತದಲ್ಲಿ ಯುದ್ಧ ನಿಂತಿತು. ಇಂಗ್ಲಿಷರ ಹೊಸ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂದು ಆರೇಳು ತಿಂಗಳಾಗಿತ್ತು. ಅವರು ಮುಂದೆ ತನ್ನ ಮೇಲೆ ಬರುತ್ತಾರೆಂಬ ಶಂಕೆ ಟಿಪ್ಪುವಿಗೆ ಇತ್ತು. ಒಪ್ಪಂದದಂತೆ ಟಿಪ್ಪು 40 ಲಕ್ಷಕ್ಕೂ ಮಿಕ್ಕಿದ ಹಣ ಕೊಡಲು ಒಪ್ಪಿದರು. ಬಾದಾಮಿ, ನರಗುಂದ, ಕಿತ್ತೂರು ಮರಾಠರಿಗೆ ಹೋದವು, ಆದವಾನಿ ನಿಜಾಮರ ಕಡೆಗೆ ಹೋಯಿತು. ಕಾಳೋಪಂತ ಮತ್ತು ಇತರ ಸೆರೆಯಾಳುಗಳ ಬಿಡುಗಡೆಯಾಗಬೇಕೆಂದಾಯಿತು. ಮರಾಠರು ಹಿಡಿದಿದ್ದ ಗಜೇಂದ್ರಗಡ ಮೊದಲಾದ ಜಾಗಗಳು ಟಿಪ್ಪುವಿಗೆ ಮರಳಿದವು. ಇದಕ್ಕೆ ಪ್ರತಿಯಾಗಿ ಟಿಪ್ಪುವಿಗೆ ಸಿಕ್ಕದ್ದರಲ್ಲಿ ಒಂದು ಮುಖ್ಯ ಸಂಗತಿ ಬಿರುದು. ಪುಣೆಯ ಸರ್ಕಾರ ಇನ್ನು ಮುಂದೆ ಅವರನ್ನು ಬರೀ ಹೆಸರಿನಿಂದ ಕರೆಯದೆ, ನವಾಬ್ ಟಿಪ್ಪು ಸುಲ್ತಾನ್ ಫತೇ ಅಲಿ ಖಾನ್ ಎಂದು ಸಂಬೋಧಿಸಬೇಕು.

ಈ ಕಲಮನ್ನು ಓದಿದಾಗ ಇನ್ನೊಂದು ಕಾಗದ ನೆನಪಾಗದೆ ಇರುವುದಿಲ್ಲ. ಹಿಜರಿ 6ನೇ ವರ್ಷ, ಹುದೈಬಿಯಾ. ಉಮ್ರಾಕ್ಕೆ ಹೊರಟ ಮುಸ್ಲಿಮರನ್ನು ಕುರೈಶರು ತಡೆದರು, ಹತ್ತು ವರ್ಷದ ಶಾಂತಿಯ ಕರಾರು ಬರೆಯಲು ಕುಳಿತರು. ಬರೆಯುವವರು ಹಜರತ್ ಅಲಿ(ರ). ಅಲ್ಲಾಹನ ರಸೂಲ್ ಮುಹಮ್ಮದ್ ಎಂದು ಬರೆದಾಗ ಕುರೈಶರ ಸುಹೈಲ್ ಬಿನ್ ಅಮ್ರ್ ತಡೆದ. ನಿಮ್ಮನ್ನು ರಸೂಲ್ ಎಂದು ಒಪ್ಪಿದ್ದರೆ ತಡೆಯುತ್ತಿದ್ದೆವೇ, ತಂದೆಯ ಹೆಸರು ಹಚ್ಚಿ ಬರೆಯಿರಿ ಎಂದ. ಅಲಿಯವರಿಗೆ(ರ) ಆ ಅಕ್ಷರಗಳನ್ನು ಅಳಿಸಲು ಕೈ ಬರಲಿಲ್ಲ. ಪ್ರವಾದಿವರ್ಯರು(ಸ) ಸ್ವತಃ ಅಳಿಸಿದರು, ಅಬ್ದುಲ್ಲಾಹರ ಮಗ ಮುಹಮ್ಮದ್ ಎಂದು ಬರೆಸಿದರು.

ಜಗತ್ತಿನ ಅತಿ ದೊಡ್ಡ ಬಿರುದನ್ನು ಹೊತ್ತವರು, ಅದೂ ಮನುಷ್ಯರು ಕೊಟ್ಟ ಬಿರುದಲ್ಲ, ಶಾಂತಿಗಾಗಿ ಅದನ್ನು ಕಾಗದದಿಂದ ತೆಗೆಸಿದರು. ಗಜೇಂದ್ರಗಡದಲ್ಲಿ ರಾಜರು ಕಾಗದದ ಮೇಲೆ ಬಿರುದು ಬರಲೆಂದು ಚೌಕಾಸಿ ಮಾಡಿದರು. ಇದು ಟಿಪ್ಪು ಒಬ್ಬರನ್ನೇ ದೂರುವ ಮಾತಲ್ಲ, ಪೇಶ್ವೆಯೂ ನಿಜಾಮರೂ ಬಿರುದುಗಳ ಹಿಂದೆಯೇ ಓಡಿದವರು. ರಾಜರ ದಾರಿಗೂ ರಸೂಲರ ದಾರಿಗೂ ಇರುವ ಅಂತರ ಇದು.

ಹುದೈಬಿಯಾದಲ್ಲಿ ಇನ್ನೊಂದು ಸಂಗತಿ ನಡೆಯಿತು. ಕರಾರಿನ ಮಾತು ಆಗುತ್ತಿರುವಾಗಲೇ ಸುಹೈಲನ ಸ್ವಂತ ಮಗ ಅಬೂ ಜಂದಲ್(ರ) ಮಕ್ಕಾದಿಂದ ಸಂಕೋಲೆ ಎಳೆಯುತ್ತ ಓಡಿಬಂದು ಮುಸ್ಲಿಮರ ಆಶ್ರಯ ಕೇಳಿದರು. ಮಕ್ಕಾದಿಂದ ಬಂದವರನ್ನು ಮರಳಿಸಬೇಕೆಂಬುದು ಷರತ್ತು. ಸಹಾಬಿಗಳ ಕರುಳು ಹಿಂಡಿತು. ಹಜರತ್ ಉಮರ್‌ರಂಥವರು(ರ) ತಡೆಯಲಾರದೆ ಪ್ರಶ್ನೆ ಕೇಳಿದರು. ಆದರೂ ಮಾತು ಮಾತೇ. ಸಹನೆ ತಂದುಕೋ, ಅಲ್ಲಾಹನು ನಿನಗೆ ದಾರಿ ಮಾಡುತ್ತಾನೆ ಎಂದು ಸಮಾಧಾನ ಹೇಳಿ ಅವರನ್ನು ಮರಳಿಸಲಾಯಿತು. ಸೋಲಿನಂತೆ ಕಂಡ ಆ ಕರಾರನ್ನು ಸೂರಃ ಅಲ್‌ಫತ್ಹ್ ಸ್ಪಷ್ಟ ವಿಜಯವೆಂದು ಕರೆಯಿತು. ಎರಡು ವರ್ಷದಲ್ಲಿ ಮಕ್ಕಾದ ಬಾಗಿಲು ತೆರೆಯಿತು.

ಗಜೇಂದ್ರಗಡದ ಕಾಗದದ ಗತಿ ಏನಾಯಿತು? ಮೂರು ವರ್ಷ ಕಳೆಯುವಷ್ಟರಲ್ಲಿ, 1790ರಲ್ಲಿ, ಮರಾಠರೂ ನಿಜಾಮರೂ ಇಂಗ್ಲಿಷರ ಜೊತೆ ಸೇರಿ ಟಿಪ್ಪುವಿನ ಮೇಲೆ ಬಿದ್ದರು. 1792ರಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡರು, 3 ಕೋಟಿ 30 ಲಕ್ಷ ದಂಡ ತೆರಬೇಕಾಯಿತು, ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಿಡಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಅವರು ಹೋರಾಡುತ್ತ ಮಡಿದರು. ಗೆದ್ದವರು ಉಳಿದರೇ? ನಿಜಾಮರು 1798ರಲ್ಲೇ ಇಂಗ್ಲಿಷರ ಸೈನ್ಯವನ್ನು ತಮ್ಮ ಮನೆಯೊಳಗೆ ಇರಿಸಿಕೊಂಡು ಅವರ ಕೈಕೆಳಗಾದರು. ಪೇಶ್ವೆಯ ಗದ್ದುಗೆ 1818ರಲ್ಲಿ ಕೊನೆಗೊಂಡಿತು. ಗಜೇಂದ್ರಗಡದಲ್ಲಿ ನೆಲ ಹಂಚಿಕೊಂಡವರ ನೆಲವೆಲ್ಲ 31 ವರ್ಷದೊಳಗೆ ಇಂಗ್ಲಿಷರ ಕೈಗೋ ಅಂಕೆಗೋ ಸೇರಿಹೋಯಿತು. ನೆರೆಹೊರೆಯವರು ಒಬ್ಬರಿಗೊಬ್ಬರು ಕೊಟ್ಟ ಮಾತಿಗೆ ಬೆಲೆ ಇಲ್ಲದಾಗ ಮೂರನೆಯವನು ಬಂದು ಇಬ್ಬರ ಹೊಲವನ್ನೂ ಉಳುತ್ತಾನೆ. ಈ ಮಾತು ಸಂಸ್ಥಾನಗಳಿಗೆ ಮಾತ್ರವಲ್ಲ, ಆಸ್ತಿಗಾಗಿ ಕೋರ್ಟು ಹತ್ತುವ ಅಣ್ಣತಮ್ಮಂದಿರಿಗೂ, ಎರಡು ಗುಂಪಾದ ಜಮಾತುಗಳಿಗೂ ಸಲ್ಲುತ್ತದೆ.

ಅದೇ ಗುಡ್ಡ, 1858

ನರಗುಂದದ ಗುಡ್ಡ ಇನ್ನೊಮ್ಮೆ ಇತಿಹಾಸಕ್ಕೆ ಬಂತು. ಆಗ ಅಲ್ಲಿ ದೊರೆಯಾಗಿದ್ದವನು ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಓದು ಬಲ್ಲವನು, ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಹಾಕಿದವನು. ಅವನಿಗೆ ಗಂಡು ಸಂತಾನ ಇರಲಿಲ್ಲ. ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪಲಿಲ್ಲ. ಅದರ ಮೇಲೆ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂಬ ಕಾನೂನು ಬಂತು. 1857ರ ಕೊನೆಯಲ್ಲಿ ಹಲಗಲಿಯ ಬೇಡರು ಎದ್ದದ್ದು ಇದೇ ಕಾನೂನಿಗೆ.

1858ರ ಮೇ ಕೊನೆಗೆ ಬಾಬಾಸಾಹೇಬ ಬಂಡೆದ್ದ. ಅದೇ ವೇಳೆಗೆ ಮುಂಡರಗಿಯ ಭೀಮರಾವ್ ಕೂಡ ಎದ್ದು ಕೊಪ್ಪಳದ ಕೋಟೆ ಸೇರಿದ, ಅಲ್ಲೇ ಮಡಿದ. ರಾಮದುರ್ಗದ ಕಡೆಯಿಂದ ಬರುತ್ತಿದ್ದ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ರಾತ್ರಿ ಕೊಂದು, ತಲೆಯನ್ನು ತಂದು ನರಗುಂದದ ಬಾಗಿಲಿಗೆ ತೂಗುಹಾಕಲಾಯಿತು. ಜೂನ್ ಮೊದಲ ದಿನಗಳಲ್ಲೇ ಇಂಗ್ಲಿಷ್ ಸೈನ್ಯ ಬಂದು ಊರನ್ನೂ ಕೋಟೆಯನ್ನೂ ಹಿಡಿಯಿತು. ಬಾಬಾಸಾಹೇಬ ತೊರಗಲ್ಲಿನ ಕಾಡಿನ ಕಡೆ ಸಿಕ್ಕಿಬಿದ್ದ. 1858ರ ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರೆಂದು ಸೀಮೆಯ ಜನ ಇಂದಿಗೂ ನೆನೆಯುತ್ತಾರೆ. ಮತ್ತೆ ಯಾರೂ ಅಲ್ಲಿ ನೆಲೆ ನಿಲ್ಲದಂತೆ ಇಂಗ್ಲಿಷರು ಕೋಟೆಯನ್ನು ಕೆಡವಿದರು. ಇವತ್ತು ನಾವು ನೋಡುವುದು ಅವರು ಬಿಟ್ಟುಹೋದ ಅಳಿದುಳಿದ ಗೋಡೆ.

ತನ್ನ ನೆಲಕ್ಕಾಗಿ ನಿಂತ ಮನುಷ್ಯನೆಂದು ಬಾಬಾಸಾಹೇಬನನ್ನು ಗೌರವಿಸುವುದು ಈ ಸೀಮೆಯ ಮಕ್ಕಳಾದ ನಮ್ಮ ಕರ್ತವ್ಯ. 1785ರಲ್ಲಿ ಟಿಪ್ಪುವಿನ ದಂಡು ಮುತ್ತಿದ ಮನೆತನದವನೇ 1858ರಲ್ಲಿ ಟಿಪ್ಪುವನ್ನು ಕೊಂದ ಇಂಗ್ಲಿಷರ ಎದುರು ಪ್ರಾಣ ಕೊಟ್ಟ. ಈ ಎರಡು ಹೆಸರುಗಳನ್ನು ಎದುರುಬದುರು ನಿಲ್ಲಿಸಿ ಜಗಳ ಹಚ್ಚುವವರು ಇತಿಹಾಸದ ಒಂದೇ ಪುಟ ಓದಿದವರು. ಹಾಗೆಯೇ ಅಳತೆಗೋಲು ಇಲ್ಲಿಯೂ ಒಂದೇ ಇರಬೇಕು. ಶತ್ರುವಿನ ಶವವನ್ನು ಅಂಗಭಂಗ ಮಾಡುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಬಾಗಿಲಿಗೆ ತಲೆ ಕಟ್ಟುವುದು ಯಾರು ಮಾಡಿದರೂ ಸರಿಯಲ್ಲ. ಪ್ರೀತಿಯಿಂದ ನೆನೆಯುವವರ ತಪ್ಪನ್ನೂ ತಪ್ಪೆನ್ನುವುದು ಇತಿಹಾಸ ಓದುವ ರೀತಿ.

ಗುಡ್ಡದ ಕೆಳಗಿನ ಊರು

ಕೋಟೆಯಿಂದ ಕೆಳಗಿಳಿದ ಮೇಲೂ ಕಥೆ ಮುಗಿಯುವುದಿಲ್ಲ. 1980ರ ಜುಲೈ 21ರಂದು ಇದೇ ನರಗುಂದ ಮತ್ತು ನೆರೆಯ ನವಲಗುಂದದಲ್ಲಿ ರೈತರು ಬೀದಿಗಿಳಿದರು. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಸರ್ಕಾರ ಅಭಿವೃದ್ಧಿ ಕರ ಹೇರಿತ್ತು. ಗೋಲಿಬಾರ್ ಆಯಿತು, ರೈತರು ಸತ್ತರು. ಕರ್ನಾಟಕದ ರೈತ ಚಳವಳಿ ಗಟ್ಟಿಯಾದದ್ದು ಅಲ್ಲಿಂದ. ಈಗಲೂ ಪ್ರತಿ ವರ್ಷ ಆ ದಿನ ಅಲ್ಲಿ ಹುತಾತ್ಮರನ್ನು ನೆನೆಯುತ್ತಾರೆ.

1785ರಲ್ಲಿ ಜಗಳ ಹುಟ್ಟಿದ್ದು ಹೊರಲಾರದ ಕಪ್ಪದಿಂದ. 1980ರಲ್ಲಿ ಹುಟ್ಟಿದ್ದು ಹೊರಲಾರದ ಕರದಿಂದ. ಸುಲ್ತಾನರು ಹೋದರು, ಪೇಶ್ವೆ ಹೋದರು, ಕಂಪನಿ ಹೋಯಿತು. ಎರೆಹೊಲದಲ್ಲಿ ಬಿಳಿಜೋಳ, ಕಡಲೆ ಬಿತ್ತುವವನು ಮಾತ್ರ ಅಲ್ಲೇ ಇದ್ದಾನೆ. ಕೋಟೆ ನೋಡಲು ಹೋದಾಗ ಅದನ್ನು ಕಟ್ಟಿಸಿದವನ ಹೆಸರು ಕೇಳುತ್ತೇವೆ. ಕಲ್ಲು ಹೊತ್ತವನು ಯಾರು, ದಂಡಿಗೆ ಜೋಳ ಕೊಟ್ಟವನು ಯಾರು ಎಂದೂ ಮಕ್ಕಳು ಕೇಳುವಂತಾಗಬೇಕು. ಅವರಲ್ಲಿ ನಮ್ಮ ಪೂರ್ವಜರೂ ಇದ್ದರು, ನೆರೆಮನೆಯವರ ಪೂರ್ವಜರೂ ಇದ್ದರು.

ಅಳಿದ ಊರುಗಳ ಬಗ್ಗೆ ಹೇಳುವಾಗ ಸೂರಃ ಹೂದ್ ಒಂದು ಹೋಲಿಕೆ ಕೊಡುತ್ತದೆ: ಕೆಲವು ಇನ್ನೂ ನಿಂತಿವೆ, ಕೆಲವು ಕೊಯ್ದ ಪೈರಿನಂತಾಗಿವೆ. ರೋಣ ಸೀಮೆಯವರಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಸುಗ್ಗಿಯ ಕಾಲಕ್ಕೆ ಗಜೇಂದ್ರಗಡದ ಗುಡ್ಡದ ಮೇಲೆ ನಿಂತು ಕೆಳಗೆ ನೋಡಿದರೆ, ಒಂದು ಹೊಲದಲ್ಲಿ ಜೋಳ ನಿಂತಿರುತ್ತದೆ, ಪಕ್ಕದ ಹೊಲದಲ್ಲಿ ಬರೀ ಕೊಯ್ದ ಕೂಳೆ ಇರುತ್ತದೆ. ಮೇಲಿನ ಗೋಡೆಗಳೂ ಹಾಗೆಯೇ. ಒಂದು ಬುರುಜು ನಿಂತಿದೆ, ಇನ್ನೊಂದರ ಕಲ್ಲು ಚೆಲ್ಲಾಪಿಲ್ಲಿಯಾಗಿ ಬಿದ್ದಿದೆ.

ಹೋಗುವವರಿಗೆ ಕೆಲವು ಮಾತು

ಬೇಸಿಗೆಯ ನಡುಹಗಲು ಗುಡ್ಡ ಹತ್ತಬೇಡಿ, ಮೇಲೆ ನೆರಳಿಲ್ಲ. ಫಜರ್ ನಮಾಜ್ ಮುಗಿಸಿ ಹೊರಟು ಜೊಹರ್‌ಗೆ ಕೆಳಗಿಳಿಯುವುದು ಒಳ್ಳೆಯದು. ಕುಡಿಯುವ ನೀರು ಜೊತೆಗಿರಲಿ. ಮಳೆಗಾಲದಲ್ಲಿ ಹೊಂಡಗಳ ಅಂಚು ಜಾರುತ್ತದೆ, ಚಿಕ್ಕವರ ಕೈ ಬಿಡಬೇಡಿ. ವಯಸ್ಸಾದವರಿಗೆ ಮೆಟ್ಟಿಲು ಕಷ್ಟವಾದರೆ ಸೂಡಿಯನ್ನು ತೋರಿಸಿ.

ಗೋಡೆಯ ಮೇಲೆ ಹೆಸರು ಕೆತ್ತುವುದು, ಬಣ್ಣದಲ್ಲಿ ಬರೆಯುವುದು ಹುಡುಗರಿಗೆ ಶೋಕಿಯಾಗಿದೆ. ಅದು ಸಾರ್ವಜನಿಕರ ಆಸ್ತಿ, ಅಂದರೆ ಅಮಾನತ್. ಅಮಾನತನ್ನು ಕೆಡಿಸುವುದು ಖಿಯಾನತ್. ತಿಂದು ಎಸೆದ ಪ್ಲಾಸ್ಟಿಕ್ ಚೀಲವನ್ನು ಕೆಳಗೆ ತನ್ನಿ. ದಾರಿಯಲ್ಲಿರುವ ತೊಂದರೆಯ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಕವಲು ಎಂದು ಹದೀಸ್ ಕಲಿಸಿರುವಾಗ, ದಾರಿಗೆ ಕಸ ಎಸೆಯುವವನ ಸ್ಥಿತಿ ಏನೆಂದು ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯ, ಮಕ್ಕಳಿಗೆ ಕಥೆಯನ್ನು ಪೂರ್ತಿ ಹೇಳಿ. ನರಗುಂದದ ಬಾಗಿಲಲ್ಲಿ ನಿಂತು ಎರಡೂ ಇಸವಿ ಹೇಳಿ, 1785ನ್ನೂ ಹೇಳಿ, 1858ನ್ನೂ ಹೇಳಿ. ಗಜೇಂದ್ರಗಡದಲ್ಲಿ ನಿಂತು ಒಪ್ಪಂದದ ಕಥೆಯ ಜೊತೆಗೆ ಹುದೈಬಿಯಾದ ಕಥೆ ಹೇಳಿ. ಸಾಧ್ಯವಾದರೆ ನೆರೆಮನೆಯ ಬಸಪ್ಪನ ಮಕ್ಕಳನ್ನೂ, ರಾಮಣ್ಣನ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಒಂದೇ ಬುತ್ತಿ ಬಿಚ್ಚಿ ಉಂಡು, ಒಂದೇ ಕಥೆ ಕೇಳಿ ಬೆಳೆದ ಮಕ್ಕಳ ನಡುವೆ ಮೊಬೈಲಿನ ಅರ್ಧ ಮಾತು ಸುಲಭವಾಗಿ ನುಸುಳುವುದಿಲ್ಲ.

ಕರಾರುಗಳನ್ನು ಪೂರೈಸಿರಿ ಎಂಬ ಆಜ್ಞೆಯಿಂದಲೇ ಸೂರಃ ಅಲ್‌ಮಾಇದಃ ಶುರುವಾಗುತ್ತದೆ. ಕೊಟ್ಟ ಮಾತಿನ ಬಗ್ಗೆ ನಾಳೆ ವಿಚಾರಣೆ ಇದೆ ಎಂದು ಸೂರಃ ಅಲ್‌ಇಸ್ರಾ ಎಚ್ಚರಿಸುತ್ತದೆ. ಅಂಗಡಿಯ ಉದ್ದರಿ, ಮಗಳ ಮದುವೆಯ ಮಾತುಕತೆ, ಹೊಲದ ಲಾವಣಿ, ಕೂಲಿಯವನ ಪಗಾರ, ಇವೇ ನಮ್ಮ ನಿಮ್ಮ ಒಪ್ಪಂದಗಳು. ಕಲ್ಲಿನ ಕೋಟೆ ಕಟ್ಟುವ ಶಕ್ತಿ ನಮಗಿಲ್ಲ, ಅದರ ಅಗತ್ಯವೂ ಇಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಶಕ್ತಿಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.